ಮುಂದೆ ಮೂವರು ಬಂದರು, ನಡುವೆ ಯಾರು?

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳು ಆಟಗಾರರನ್ನು ಕೊಂಡು ಮಾರುವ ಬೇಸಿಗೆಯ ಅವಧಿ, ಅಂದರೆ ಟ್ರಾನ್ಸ್‌ಫರ್ ವಿಂಡೋ, 2025ರ ಸೆಪ್ಟೆಂಬರ್ 1ರಂದು ಮುಚ್ಚಿತು. ನಮ್ಮ ಗಡಿಯಾರದಲ್ಲಿ ಆಗ ರಾತ್ರಿ 11.30. ಅದಾದ ಮೇಲೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳವು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪಿಲ್ಲ. 2024–25ರ ಪ್ರೀಮಿಯರ್ ಲೀಗ್‌ನಲ್ಲಿ, ಅಂದರೆ ಇಂಗ್ಲೆಂಡಿನ ಮೊದಲ ದರ್ಜೆಯ ಲೀಗ್‌ನಲ್ಲಿ, ಆ ತಂಡ 38 ಪಂದ್ಯಗಳಲ್ಲಿ 11 ಗೆದ್ದು 18 ಸೋತಿತು. 42 ಅಂಕ, 15ನೇ ಸ್ಥಾನ. ಬಿಲ್ಬಾವೊದಲ್ಲಿ ನಡೆದ ಯುರೋಪಾ ಲೀಗ್ ಫೈನಲ್ಲೂ 0–1ರಿಂದ ಟಾಟನ್‌ಹ್ಯಾಮ್ ಪಾಲಾಯಿತು. ಹಾಗಾಗಿ ಈ ಸಲದ ಪುಟವನ್ನು ಬಹುಪಾಲು ಅವರಿಗೇ ಬಿಟ್ಟಿದ್ದೇವೆ. ಪತ್ರಗಳೂ ಉತ್ತರಗಳೂ 2025ರ ಸೆಪ್ಟೆಂಬರ್ ಹೊತ್ತಿನವು.

ಹಾಸನದಿಂದ: ಸರ್, ಮಾರ್ಚ್‌ನಲ್ಲಿ ಯುನೈಟೆಡ್‌ನ ಸಹಮಾಲೀಕ ಜಿಮ್ ರ‍್ಯಾಟ್‌ಕ್ಲಿಫ್ ಅವರು ಕ್ರಿಸ್‌ಮಸ್ ಹೊತ್ತಿಗೆ ಕ್ಲಬ್‌ನ ಹಣ ಖಾಲಿಯಾಗಲಿತ್ತು ಎಂದಿದ್ದರು. ನೌಕರರನ್ನೂ ತೆಗೆದರು. ಈಗ ನೋಡಿದರೆ ಮೂವರು ಮುಂಚೂಣಿ ಆಟಗಾರರಿಗೇ ಸುಮಾರು 20 ಕೋಟಿ ಪೌಂಡ್. ಈ ಹಣ ಎಲ್ಲಿಂದ ಬಂತು?

ಉತ್ತರ: ಪತ್ರಿಕೆಯಲ್ಲಿ ಬರುವ ಬೆಲೆ ಬೇರೆ, ಆ ವರ್ಷದ ಲೆಕ್ಕಕ್ಕೆ ಬೀಳುವ ಖರ್ಚು ಬೇರೆ. ವುಲ್ವ್ಸ್‌ನಿಂದ ಬಂದ ಮಥೇಯುಸ್ ಕುನ್ಯಾ ಅವರ ಬೆಲೆ 6.25 ಕೋಟಿ ಪೌಂಡ್, ಒಪ್ಪಂದ 2030ರವರೆಗೆ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1.25 ಕೋಟಿ. ಬ್ರೆಂಟ್‌ಫರ್ಡ್‌ನ ಬ್ರಯಾನ್ ಎಂಬ್ಯೂಮೊ ಅವರಿಗೆ ಮೂಲ ಬೆಲೆ 6.5 ಕೋಟಿ, ವರ್ಷಕ್ಕೆ 1.3 ಕೋಟಿ. ಲೈಪ್‌ಜಿಗ್‌ನ ಬೆಂಜಮಿನ್ ಸೆಸ್ಕೊ ಅವರಿಗೆ 6.63 ಕೋಟಿ, ವರ್ಷಕ್ಕೆ ಸುಮಾರು 1.33 ಕೋಟಿ. ಗೋಲು, ಪಂದ್ಯಗಳ ಮೇಲೆ ನಿಂತ ಹೆಚ್ಚುವರಿ ಹಣ ಇದರಲ್ಲಿ ಸೇರಿಲ್ಲ. ಮೂವರದೂ ಕೂಡಿಸಿದರೆ 19.38 ಕೋಟಿ, ಆದರೆ ಈ ವರ್ಷದ ಲೆಕ್ಕಕ್ಕೆ 3.88 ಕೋಟಿ ಮಾತ್ರ. ಕಾಫಿ ತೋಟಕ್ಕೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ತಂದವರು ಅದರ ಸವಕಳಿಯನ್ನು ವರ್ಷ ವರ್ಷ ಬರೆಯುತ್ತಾರಲ್ಲ, ಅದೇ ಲೆಕ್ಕ. ಇದರ ಮೇಲೆ ಸಂಬಳ ಬೇರೆ.

ಎಷ್ಟು ವರ್ಷ ಬೇಕಾದರೂ ಹಂಚಬಹುದೇ ಎಂದರೆ, ಇಲ್ಲ. ಚೆಲ್ಸಿ ಕ್ಲಬ್ ಎಂಟೂವರೆ ವರ್ಷದ ಒಪ್ಪಂದಗಳನ್ನು ಮಾಡಿಕೊಂಡು ಖರ್ಚನ್ನು ತೆಳ್ಳಗೆ ಹರಡಿದ ಮೇಲೆ, 2023ರ ಡಿಸೆಂಬರ್‌ನಲ್ಲಿ ಪ್ರೀಮಿಯರ್ ಲೀಗ್ ಐದು ವರ್ಷದ ಮಿತಿ ಹಾಕಿತು. ಒಪ್ಪಂದ ಏಳು ವರ್ಷದ್ದಿರಲಿ, ಲೆಕ್ಕ ಐದಕ್ಕೇ.

ಮಾರಾಟದ ಕಡೆ ಇದಕ್ಕೆ ತದ್ವಿರುದ್ಧ. ಮಾರಿದ ಲಾಭ ಆ ವರ್ಷದಲ್ಲೇ ಪೂರ್ತಿ ಬರುತ್ತದೆ. ಅಲೆಹಾಂದ್ರೊ ಗರ್ನಾಚೊ 2020ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ನ ಕಿರಿಯರ ವಿಭಾಗದಿಂದ ಸಣ್ಣ ಮೊತ್ತಕ್ಕೆ ಬಂದ ಹುಡುಗ. ಚೆಲ್ಸಿ ಕೊಟ್ಟ 4 ಕೋಟಿ ಪೌಂಡ್ ಹೆಚ್ಚುಕಡಿಮೆ ಇಡಿಯಾಗಿ ಲಾಭ. ಅಂದರೆ ಒಬ್ಬ ಗರ್ನಾಚೊ ಹೋದದ್ದರಿಂದ ಬಂದ ಮೂವರ ಮೊದಲ ವರ್ಷದ ಖರ್ಚು ಲೆಕ್ಕದಲ್ಲಿ ಸರಿಹೋಯಿತು. ಆಂಟನಿ ವಿಷಯ ಹಾಗಲ್ಲ. 2022ರಲ್ಲಿ ಅಯಾಕ್ಸ್‌ಗೆ ಕೊಟ್ಟದ್ದು 9.5 ಕೋಟಿ ಯೂರೊ, ಐದು ವರ್ಷಕ್ಕೆ. ವರ್ಷಕ್ಕೆ 1.9 ಕೋಟಿಯಂತೆ ಮೂರು ವರ್ಷದಲ್ಲಿ 5.7 ಕೋಟಿ ಕಳೆದರೆ ಲೆಕ್ಕದ ಪುಸ್ತಕದಲ್ಲಿ ಉಳಿಯುವುದು 3.8 ಕೋಟಿ. ಸ್ಪೇನಿನ ಬೆಟಿಸ್ ಕ್ಲಬ್‌ಗೆ ಹೋದದ್ದು ಸುಮಾರು 2.2 ಕೋಟಿಗೆ. ಸರಳ ಲೆಕ್ಕದಲ್ಲೇ 1.6 ಕೋಟಿ ಯೂರೊ ಕೈಬಿಟ್ಟಿತು. ಉಳಿಸಿಕೊಂಡಿದ್ದರೆ ಸಂಬಳವೂ ಹೋಗುತ್ತಿತ್ತು, ಆದ್ದರಿಂದ ಮಾರಿದ್ದೇ ಸರಿ.

ಲೀಗ್‌ನ 2025–26ರ ನಿಯಮದಂತೆ ಮೂರು ವರ್ಷ ಕೂಡಿ ಒಂದು ಕ್ಲಬ್ ತೋರಿಸಬಹುದಾದ ನಷ್ಟ ಹೆಚ್ಚೆಂದರೆ 10.5 ಕೋಟಿ ಪೌಂಡ್. ಕ್ರೀಡಾಂಗಣ, ಕಿರಿಯರ ತರಬೇತಿ, ಮಹಿಳಾ ತಂಡದ ಖರ್ಚು ಇದರಲ್ಲಿ ಬರುವುದಿಲ್ಲ. ಮೀರಿದರೆ ಅಂಕ ಕತ್ತರಿಸುತ್ತಾರೆ: 2023–24ರಲ್ಲಿ ಎವರ್ಟನ್ ಎರಡು ಸಲ ಸೇರಿ 8 ಅಂಕ, ನಾಟಿಂಗ್‌ಹ್ಯಾಮ್ ಫಾರೆಸ್ಟ್ 4 ಅಂಕ ಕಳೆದುಕೊಂಡವು. ಯುನೈಟೆಡ್‌ಗೆ ಈ ವರ್ಷ ಯುರೋಪಿನ ಪಂದ್ಯಗಳೇ ಇಲ್ಲ, ಆ ಆದಾಯವೂ ಇಲ್ಲ. ಆದ್ದರಿಂದ ಇದು ಧಾರಾಳ ಕೈಯ ಖರೀದಿಯೆಂದು ತಿಳಿಯಬೇಡಿ. ಮುಂದಿನ ನಾಲ್ಕು ವರ್ಷಗಳ ಖರ್ಚಿಗೂ ಈಗಲೇ ಸಹಿ ಬಿದ್ದಿದೆ.

ಬೇಲೂರಿನಿಂದ: ಮುಂಚೂಣಿಗೆ ಮೂವರು ಬಂದರು, ಸರಿ. ಆದರೆ ನಮ್ಮ ತಂಡ ಸೋಲುತ್ತಿದ್ದದ್ದು ಗೋಲು ಹೊಡೆಯುವವರಿಲ್ಲದೆಯೇ? ಸ್ಟ್ರೈಕರ್‌ಗಳಿಗೆ ಸುರಿದ ಹಣದಲ್ಲಿ ಅರ್ಧ ನಡುವಿನ ಸಾಲಿಗೆ, ಅಂದರೆ ಮಿಡ್‌ಫೀಲ್ಡ್‌ಗೆ, ಹಾಕಿದ್ದರೆ ಆಗುತ್ತಿರಲಿಲ್ಲವೇ?

ಕಡೂರಿನಿಂದ: ಮಿಡ್‌ಫೀಲ್ಡ್ ಮಿಡ್‌ಫೀಲ್ಡ್ ಎಂದು ಎಲ್ಲರೂ ಹೇಳುತ್ತಾರೆ. 38 ಪಂದ್ಯಗಳಲ್ಲಿ 44 ಗೋಲು ಹೊಡೆದ ತಂಡಕ್ಕೆ ಮೊದಲು ಬೇಕಾದದ್ದು ಸ್ಟ್ರೈಕರ್ ಅಲ್ಲದೆ ಇನ್ನೇನು? ಅದಾದ ಮೇಲೆ ಗೋಲ್‌ಕೀಪರ್. ದಯವಿಟ್ಟು ಸರಿಯಾಗಿ ಬರೆಯಿರಿ.

ಉತ್ತರ: ಎರಡೂ ಪತ್ರ ಒಟ್ಟಿಗೆ ಇಟ್ಟುಕೊಂಡೇ ಉತ್ತರಿಸಬೇಕು.

ಕಡೂರಿನವರ ಅಂಕಿ ಸರಿ. 44 ಗೋಲಿಗಿಂತ ಕಡಿಮೆ ಹೊಡೆದದ್ದು ಕೆಳಗಿನ ಲೀಗಿಗೆ ಇಳಿದ ಮೂರು ತಂಡಗಳು ಮತ್ತು ಎವರ್ಟನ್ ಮಾತ್ರ. ಅಷ್ಟೇ 42 ಅಂಕ ಗಳಿಸಿ 16ನೆಯದಾಗಿ ಉಳಿದ ವುಲ್ವ್ಸ್ ಕೂಡ 54 ಗೋಲು ಹೊಡೆದಿತ್ತು. ಯುನೈಟೆಡ್‌ನಲ್ಲಿ ಲೀಗ್‌ನ ಅತಿ ಹೆಚ್ಚು ಗೋಲು ತಲಾ 8, ಅಮಾದ್ ಡಿಯಾಲೊ ಮತ್ತು ಬ್ರೂನೊ ಫರ್ನಾಂಡಿಸ್ ಅವರದು. ಇಬ್ಬರೂ ಸ್ಟ್ರೈಕರ್‌ಗಳಲ್ಲ. ಸ್ಟ್ರೈಕರ್‌ಗಳಾದ ರಾಸ್ಮುಸ್ ಹೊಯ್ಲುಂಡ್ 4, ಜೋಶುವಾ ಜಿರ್ಕ್‌ಜಿ 3. ಅದೇ ಸೀಸನ್‌ನಲ್ಲಿ ಎಂಬ್ಯೂಮೊ 20, ಕುನ್ಯಾ 15. ಇಂಗ್ಲೆಂಡಿನ ಲೀಗ್‌ನಲ್ಲೇ ಹೊಡೆದು ತೋರಿಸಿದವರನ್ನು ತಂದದ್ದು ಈ ಬೇಸಿಗೆಯ ಒಳ್ಳೆಯ ಕೆಲಸ. ಅದನ್ನು ತಪ್ಪೆನ್ನಲಾಗದು.

ಇನ್ನು ಬೇಲೂರಿನವರ ಮಾತು. ಕೋಚ್ ರೂಬೆನ್ ಅಮೊರಿಮ್ ಅವರ ಆಟದ ಕ್ರಮ 3–4–3. ಹಿಂದೆ ಮೂವರು, ಬದಿಗಳುದ್ದಕ್ಕೂ ಮೇಲೆ ಕೆಳಗೆ ಓಡುವ ಇಬ್ಬರು ವಿಂಗ್‌ಬ್ಯಾಕ್, ನಡುವೆ ಇಬ್ಬರೇ, ಮುಂದೆ ಮೂವರು. ಮೈದಾನದ ಅಗಲ 68 ಮೀಟರ್. ನಡುವೆ ಇಬ್ಬರಿದ್ದರೆ ಒಬ್ಬರ ಪಾಲಿಗೆ 34 ಮೀಟರ್. ಎದುರಾಳಿ ಮೂವರನ್ನು ಇಳಿಸಿದರೆ ಅವರ ಪಾಲಿಗೆ 23. ಆ ಇಬ್ಬರಲ್ಲಿ ಒಬ್ಬರು ಚೆಂಡು ಕಸಿಯಲು ಮುಂದೆ ನುಗ್ಗಿದ ಕ್ಷಣ ಅವರ ಬೆನ್ನ ಹಿಂದೆ ದೊಡ್ಡ ಬಯಲು ತೆರೆದುಕೊಳ್ಳುತ್ತದೆ. ಅದನ್ನು ಮುಚ್ಚಲು ಹಿಂದಿನ ಮೂವರಲ್ಲಿ ಒಬ್ಬ ಡಿಫೆಂಡರ್ ಕೂಡಲೇ ಮೇಲೆ ಬರಬೇಕು, ಅವರು ಬಿಟ್ಟ ಜಾಗಕ್ಕೆ ವಿಂಗ್‌ಬ್ಯಾಕ್ ಓಡಿ ಬರಬೇಕು. ಒಬ್ಬರು ಎರಡು ಹೆಜ್ಜೆ ತಡ ಮಾಡಿದರೂ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ.

ಈ ಕೆಲಸ ಬಿದ್ದಿರುವುದು 33ರ ಕ್ಯಾಸೆಮಿರೊ ಮತ್ತು ಹುಟ್ಟಾ ಮುಂದೆ ಆಡುವ ಬ್ರೂನೊ ಮೇಲೆ. ಕ್ಯಾಸೆಮಿರೊಗೆ ಆಟದ ಓದು ಇಂದಿಗೂ ಚೆನ್ನಾಗಿದೆ, ಹಿಂದಕ್ಕೆ ತಿರುಗಿ ಓಡುವ ಕಾಲಿಲ್ಲ. ಕುನ್ಯಾ, ಎಂಬ್ಯೂಮೊ ಇಬ್ಬರೂ ಸ್ಟ್ರೈಕರ್‌ನ ಹಿಂದಿನ ಎರಡು ಜಾಗ ಹಿಡಿದ ಮೇಲೆ ಬ್ರೂನೊ ಕೆಳಕ್ಕೆ ಇಳಿಯಲೇಬೇಕಾಯಿತು. ತಂಡದ ಅತ್ಯುತ್ತಮ ಪಾಸು ಗೋಲಿನಿಂದ ದೂರವಾಯಿತು. ಮುಂದಿನ ಪಂದ್ಯದಲ್ಲಿ ಹತ್ತು ನಿಮಿಷ ಚೆಂಡನ್ನು ಬಿಟ್ಟು ಬ್ರೂನೊ ಒಬ್ಬರನ್ನೇ ನೋಡಿ. ಚೆಂಡು ಎದುರಾಳಿಯ ಕೈಸೇರಿದಾಗ ಅವರು ಹಿಂದೆ ತಿರುಗಿ ಎಷ್ಟು ಗಜ ಓಡುತ್ತಾರೆ, ಎಷ್ಟು ಸಲ ತಲುಪುತ್ತಾರೆ ಎಂದು ಎಣಿಸಿದರೆ ಸಾಕು, ಬೇಲೂರಿನವರ ಸಂಕಟ ಅರ್ಥವಾಗುತ್ತದೆ.

ಬ್ರೈಟನ್‌ನ ಮಿಡ್‌ಫೀಲ್ಡ್ ಆಟಗಾರ ಕಾರ್ಲೋಸ್ ಬಲೇಬಾ ಅವರನ್ನು ಕೇಳಿದ್ದು ಇದಕ್ಕಾಗಿಯೇ. ಬ್ರೈಟನ್ ಬಿಟ್ಟುಕೊಡಲಿಲ್ಲ. ಅವರೇ ಬೇಕೆಂದು ಆಗಸ್ಟ್‌ನಲ್ಲಿ ಬಾಗಿಲು ತಟ್ಟಿದ್ದು ತಪ್ಪಲ್ಲ. ಅವರು ಸಿಗದಿದ್ದರೆ ಯಾರು ಎಂಬ ಎರಡನೇ ಹೆಸರು ಸಿದ್ಧವಿರಲಿಲ್ಲ, ನಮ್ಮ ಮಟ್ಟಿಗೆ ಈ ಬೇಸಿಗೆಯ ದೊಡ್ಡ ತಪ್ಪು ಅದೇ. ಮೂವರಲ್ಲಿ ಒಬ್ಬರನ್ನು ಬಿಟ್ಟಾದರೂ ನಡುವಿಗೆ ಒಬ್ಬರನ್ನು ತರಬೇಕಿತ್ತು.

ಗೋಲ್‌ಕೀಪರ್ ವಿಷಯದಲ್ಲಿ ಕಡೂರಿನವರದೇ ಸರಿ. ಆಗಸ್ಟ್ 17ರಂದು ಆರ್ಸೆನಲ್ ಎದುರಿನ ಗೋಲು ನೆನಪಿಸಿಕೊಳ್ಳಿ. 13ನೇ ನಿಮಿಷ, ಡೆಕ್ಲಾನ್ ರೈಸ್ ಹೊಡೆದ ಕಾರ್ನರ್ ಗೋಲಿನ ಬಾಯಿಗೇ ಇಳಿಯಿತು. ಗುಂಪಿನ ನಡುವೆ ಸಿಕ್ಕಿಕೊಂಡ ಯುನೈಟೆಡ್ ಗೋಲ್‌ಕೀಪರ್ ಅಲ್ತಾಯ್ ಬಯಿಂದಿರ್ ಅವರ ಕೈಗೆ ಚೆಂಡು ಸರಿಯಾಗಿ ಸಿಗಲಿಲ್ಲ, ಗೆರೆಯ ಹತ್ತಿರವೇ ಇದ್ದ ರಿಕಾರ್ಡೊ ಕಲಾಫಿಯೊರಿ ತಲೆ ಕೊಟ್ಟರು. 0–1. ಮುಂದಿನ 77 ನಿಮಿಷ ಯುನೈಟೆಡ್ ಚೆನ್ನಾಗಿಯೇ ಆಡಿತು, ಅಂಕ ಮಾತ್ರ ಬರಲಿಲ್ಲ. ಕೊನೆಯ ದಿನ ಆಂಟ್‌ವರ್ಪ್‌ನಿಂದ ಸೆನ್ನೆ ಲಾಮೆನ್ಸ್ ಅವರನ್ನು ಸುಮಾರು 1.8 ಕೋಟಿ ಪೌಂಡ್‌ಗೆ ತಂದಿದ್ದಾರೆ. ವಯಸ್ಸು 23. ಕಾರ್ನರ್‌ಗಳಲ್ಲಿ ಅವರು ಗೆರೆ ಬಿಟ್ಟು ಮುಂದೆ ಬರುತ್ತಾರೋ ಇಲ್ಲವೋ ಎಂಬುದನ್ನೇ ಮೊದಲ ಕೆಲವು ಪಂದ್ಯಗಳಲ್ಲಿ ಗಮನಿಸಿ.

ಹೊಳೆನರಸೀಪುರದಿಂದ: ಯುನೈಟೆಡ್ ಬಿಟ್ಟವರೆಲ್ಲ ಬೇರೆ ಕಡೆ ಮಿಂಚುತ್ತಾರೆ, ಬಂದವರೆಲ್ಲ ಮಂಕಾಗುತ್ತಾರೆ. ಆಟಗಾರರನ್ನು ಆರಿಸುವವರಿಗೇ ಕಣ್ಣಿಲ್ಲವೇ?

ಉತ್ತರ: ಎಲ್ಲರೂ ಅಲ್ಲ, ಆದರೆ ಸ್ಕಾಟ್ ಮೆಕ್‌ಟಾಮಿನೆ ವಿಷಯದಲ್ಲಿ ನಿಮ್ಮ ನೋವು ನ್ಯಾಯವಾದದ್ದು. 2024ರ ಆಗಸ್ಟ್‌ನಲ್ಲಿ ನಾಪೊಲಿಗೆ ಹೋದರು; ಮೊದಲ ವರ್ಷವೇ 12 ಲೀಗ್ ಗೋಲು, ಇಟಲಿಯ ಲೀಗ್ ಪಟ್ಟ, ಆ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ. ಯುನೈಟೆಡ್‌ನಲ್ಲಿ ಅವರನ್ನು ಡಿಫೆಂಡರ್‌ಗಳ ಮುಂದೆ ಕಾವಲಿಗೆ ನಿಲ್ಲಿಸಿದ್ದು ಹೆಚ್ಚು. ನಾಪೊಲಿಯಲ್ಲಿ ಆಂಟೊನಿಯೊ ಕಾಂಟೆ ಅವರನ್ನು ಪೆನಾಲ್ಟಿ ಪೆಟ್ಟಿಗೆಗೆ ತಡವಾಗಿ ನುಗ್ಗಲು ಬಿಟ್ಟರು.

ಹಾಸನದ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಜಲಂಧರ್‌ನಿಂದ ಬಂದ ಬಿತ್ತನೆ ಆಲೂಗಡ್ಡೆ ಎಷ್ಟೇ ಚೆನ್ನಾಗಿರಲಿ, ಬಿತ್ತಿದ ಮೇಲೆ ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದರೆ ಅಂಗಮಾರಿ ಬರುತ್ತದೆ. ಆಗ ಬೀಜವನ್ನೇ ಬೈದು ಪ್ರಯೋಜನವಿಲ್ಲ. ಹತ್ತು ವರ್ಷದಲ್ಲಿ ಐದಾರು ಕೋಚ್‌ಗಳು, ಒಬ್ಬೊಬ್ಬರದು ಒಂದೊಂದು ಆಟ. ಎರಿಕ್ ಟೆನ್ ಹಾಗ್ ಅವರಿಗೆ ಬದಿಯಲ್ಲಿ ಆಡುವ ವಿಂಗರ್‌ಗಳು ಬೇಕಿದ್ದರು, ಆಂಟನಿ ಬಂದರು. ಅಮೊರಿಮ್ ಅವರ ಕ್ರಮದಲ್ಲಿ ವಿಂಗರ್‌ನ ಜಾಗವೇ ಇಲ್ಲ.

ಇನ್ನೊಂದು ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಮೆಕ್‌ಟಾಮಿನೆ ಬಾಲ್ಯದಿಂದ ಅಲ್ಲೇ ಬೆಳೆದವರು, ಪುಸ್ತಕದಲ್ಲಿ ಅವರ ಬೆಲೆ ಸೊನ್ನೆ. ಮಾರಿದ ಹಣವೆಲ್ಲ ಲಾಭ. ಕೈ ಬಿಗಿಯಾದ ಪ್ರತಿ ಕ್ಲಬ್ಬೂ ಮೊದಲು ಮನೆಯ ಮಕ್ಕಳನ್ನೇ ಮಾರುವಂತೆ ಈ ನಿಯಮ ಒತ್ತುತ್ತದೆ. ನಿಯಮದ ಅತಿ ಕೆಟ್ಟ ಭಾಗ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೊಪ್ಪದಿಂದ: ಹೊಯ್ಲುಂಡ್, ರ‍್ಯಾಶ್‌ಫರ್ಡ್, ಸ್ಯಾಂಚೊ ಮೂವರನ್ನೂ ಲೋನ್ ಮೇಲೆ ಕಳಿಸಿದರು. ಮಾರಿದಂತೆಯೋ, ಅಲ್ಲವೋ?

ಉತ್ತರ: ಅಡಿಕೆ ಫಸಲನ್ನು ಚೇಣಿಗೆ ಕೊಟ್ಟಂತೆ. ತೋಟ ನಿಮ್ಮದೇ, ಈ ವರ್ಷದ ಕೊಯ್ಲು ಚೇಣಿದಾರರದು. ವ್ಯತ್ಯಾಸ ಕರಾರಿನಲ್ಲಿರುತ್ತದೆ. ಹೊಯ್ಲುಂಡ್ ವಿಷಯದಲ್ಲಿ ನಾಪೊಲಿ ಈಗ 60 ಲಕ್ಷ ಯೂರೊ ಕೊಡುತ್ತದೆ, ಮುಂದಿನ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆದರೆ 4.4 ಕೋಟಿ ಯೂರೊ ಕೊಟ್ಟು ಕೊಳ್ಳಲೇಬೇಕು. ರ‍್ಯಾಶ್‌ಫರ್ಡ್ ಅವರ ಬಾರ್ಸಿಲೋನಾ ಕರಾರಿನಲ್ಲಿ ಕೊಳ್ಳುವುದು, ಬಿಡುವುದು ಆ ಕ್ಲಬ್ಬಿನ ಇಷ್ಟ. 'ಕೊಳ್ಳಲೇಬೇಕು' ಎಂಬ ಕರಾರನ್ನೂ ಪೂರ್ತಿ ನಂಬುವಂತಿಲ್ಲ. ಜೇಡನ್ ಸ್ಯಾಂಚೊ ಹಿಂದಿನ ವರ್ಷ ಚೆಲ್ಸಿಗೆ ಹೋದದ್ದು ಅಂಥದೇ ಕರಾರಿನ ಮೇಲೆ. ಚೆಲ್ಸಿ 50 ಲಕ್ಷ ಪೌಂಡ್ ದಂಡ ಕಟ್ಟಿ ವಾಪಸ್ ಕಳಿಸಿತು. 2025ರ ಬೇಸಿಗೆಯಲ್ಲಿ ಆಸ್ಟನ್ ವಿಲ್ಲಾಗೆ ಹೋದರು.

ಅರಸೀಕೆರೆಯಿಂದ: ಗ್ರಿಮ್ಸ್‌ಬಿ ಎದುರು ಸೋತ ಮೇಲೂ ಅಮೊರಿಮ್ ಬೇಕೇ?

ಉತ್ತರ: ಆಗಸ್ಟ್ 27ರ ಆ ರಾತ್ರಿ ಮರೆಯುವಂಥದ್ದಲ್ಲ. ಲೀಗ್ ಕಪ್‌ನಲ್ಲಿ ನಾಲ್ಕನೇ ದರ್ಜೆಯ ತಂಡದ ಎದುರು 2–2, ಪೆನಾಲ್ಟಿಯಲ್ಲಿ 11–12. ಲೀಗ್‌ನಲ್ಲೂ ಕಳೆದ ವರ್ಷ ಅಮೊರಿಮ್ ಅವರ 27 ಪಂದ್ಯಗಳಲ್ಲಿ 27 ಅಂಕ. ಪಂದ್ಯಕ್ಕೆ ಒಂದಂಕ, ಅಷ್ಟು ದೊಡ್ಡ ಕ್ಲಬ್ಬಿಗೆ ಇದು ತೀರಾ ಕಡಿಮೆ.

ಆದರೂ ಈಗಲೇ ಬೇಡ ಎನ್ನುತ್ತೇವೆ. ಕಳೆದ ವರ್ಷ ನವೆಂಬರ್‌ನಲ್ಲಿ ಬಂದು, ವಾರಕ್ಕೆ ಎರಡು ಪಂದ್ಯಗಳ ನಡುವೆ ಹೊಸ ಕ್ರಮ ಕಲಿಸಬೇಕಾಗಿತ್ತು. ಈ ವರ್ಷ ಯುರೋಪಿಲ್ಲ, ಲೀಗ್ ಕಪ್ಪೂ ಮುಗಿಯಿತು. ವಾರದ ಐದು ದಿನ ಅಭ್ಯಾಸಕ್ಕೆ ಸಿಗುತ್ತದೆ. ಮೇಲೆ ಹೇಳಿದ ನಡುವಿನ ತೊಂದರೆ ಇಷ್ಟು ಅಭ್ಯಾಸದ ಮೇಲೂ ಹಾಗೇ ಉಳಿದರೆ, ಕ್ರಮವನ್ನು ಬದಲಿಸಲು ಅವರೂ ಒಪ್ಪದಿದ್ದರೆ, ಆಗ ನಿಮ್ಮ ಪ್ರಶ್ನೆಗೆ ನಮ್ಮ ಉತ್ತರವೂ ಬೇರೆಯಾಗುತ್ತದೆ.

ಚಿಕ್ಕಮಗಳೂರಿನಿಂದ: ಎಲ್ಲರೂ ಯುನೈಟೆಡ್ ಬಗ್ಗೆಯೇ ಬರೆಯುತ್ತಾರೆ. ಆರ್ಸೆನಲ್ ಸತತ ಮೂರನೇ ವರ್ಷ ಎರಡನೆಯದಾಯಿತು. ಇದೂ ನಿರಾಶೆಯೇ ಅಲ್ಲವೇ?

ಉತ್ತರ: ಹೌದು. 4 ಸೋಲು ಮಾತ್ರ, 14 ಡ್ರಾ, ಕೈತಪ್ಪಿದ್ದು ಅಲ್ಲೇ. ಜನವರಿಯಲ್ಲಿ ಗೇಬ್ರಿಯಲ್ ಜೀಸಸ್ ಅವರ ಮೊಣಕಾಲಿಗೆ ಪೆಟ್ಟಾದ ಮೇಲೂ ಸ್ಟ್ರೈಕರ್ ಒಬ್ಬರನ್ನು ತರಲಿಲ್ಲ, ಫೆಬ್ರುವರಿಯಲ್ಲಿ ಮುಂಚೂಣಿಯ ಹಾವರ್ಟ್ಸ್ ಕೂಡ ಗಾಯಗೊಂಡರು. ಆ ಪಾಠ ಕಲಿತೇ ಈ ಬೇಸಿಗೆ ವಿಕ್ಟರ್ ಯೊಕೆರೆಸ್, ಎಬೆರೆಚಿ ಎಜೆ, ಮಾರ್ಟಿನ್ ಜುಬಿಮೆಂಡಿ ಬಂದಿದ್ದಾರೆ. ಯೊಕೆರೆಸ್ ಪೋರ್ಚುಗಲ್ ಲೀಗ್‌ನಲ್ಲಿ 39 ಗೋಲು ಹೊಡೆದವರು.

ತರೀಕೆರೆಯಿಂದ: ಇಷ್ಟು ಕೋಟಿ ಇಲ್ಲದೆ ಒಂದೇ ಬೇಸಿಗೆಯಲ್ಲಿ ತಂಡ ಎದ್ದ ಉದಾಹರಣೆ ಇದೆಯೇ?

ಉತ್ತರ: ದೂರ ಹೋಗಬೇಕಿಲ್ಲ, ನಮ್ಮ ಬೆಂಗಳೂರು ಎಫ್‌ಸಿ. 2023–24ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 10ನೇ ಸ್ಥಾನ. ಆ ಬೇಸಿಗೆಯಲ್ಲಿ ರಾಹುಲ್ ಭೆಕೆ, ಅಲ್ಬರ್ಟೊ ನೊಗುಯೆರಾ, ಹೋರ್ಹೆ ಪೆರೇರಾ ಡಿಯಾಸ್ ಮೂವರೂ ಮುಂಬೈ ಸಿಟಿಯಿಂದ ಬಂದರು. ಒಟ್ಟಿಗೆ ಆಡಿ ಪಳಗಿದವರು, ಒಬ್ಬರ ಓಟ ಇನ್ನೊಬ್ಬರಿಗೆ ಗೊತ್ತು. ಜೊತೆಗೆ ಎಡ್ಗರ್ ಮೆಂಡೆಸ್, ಪೆಡ್ರೊ ಕಾಪೊ. ಮುಂದಿನ ವರ್ಷ ಲೀಗ್‌ನಲ್ಲಿ 3ನೇ ಸ್ಥಾನ, 14 ಗೋಲು ಹೊಡೆದ ಸುನಿಲ್ ಚೆಟ್ರಿ. 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1–2ರ ಸೋಲು. ಕಪ್ ತಪ್ಪಿತು, ಆದರೆ ಹತ್ತರಿಂದ ಅಲ್ಲಿಗೆ ಏರಿದ ತಂಡ ಅದು.

ಹಾಸನದಿಂದ: ನಮ್ಮ ಹುಡುಗರ ಕ್ಲಬ್ ಚಿಕ್ಕದು. ಇಲ್ಲಿ ಕಲಿತ ಹುಡುಗ ಮುಂದೆ ದೊಡ್ಡ ತಂಡಕ್ಕೆ ಹೋದರೆ ಕ್ಲಬ್ಬಿಗೆ ಏನಾದರೂ ಬರುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜ. ಆಟಗಾರ ಒಪ್ಪಂದದ ನಡುವೆಯೇ ಬೇರೆ ದೇಶದ ಕ್ಲಬ್ಬಿಗೆ ಮಾರಾಟವಾದರೆ, ಆ ಮೊತ್ತದ ಶೇ 5ರಷ್ಟನ್ನು 12ರಿಂದ 23ನೇ ವಯಸ್ಸಿನವರೆಗೆ ಅವರನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕೆಂದು ಫಿಫಾ ನಿಯಮವಿದೆ. 12ರಿಂದ 15ರವರೆಗೆ ವರ್ಷಕ್ಕೆ ಶೇ 0.25, 16ರಿಂದ 23ರವರೆಗೆ ವರ್ಷಕ್ಕೆ ಶೇ 0.5. ಸೆಸ್ಕೊ ಅವರ ಮೂಲ ಬೆಲೆ 7.65 ಕೋಟಿ ಯೂರೊ. ಅಂಥ ವ್ಯವಹಾರದಲ್ಲಿ 14ರ ವಯಸ್ಸಿನ ಒಂದೇ ವರ್ಷ ಕಲಿಸಿದ ಹಳ್ಳಿಯ ಕ್ಲಬ್ಬಿಗೂ ಸುಮಾರು 1.91 ಲಕ್ಷ ಯೂರೊ ಸಲ್ಲುತ್ತದೆ.

ಆದರೆ ಹುಡುಗ ನಿಮ್ಮಲ್ಲಿ ಕಲಿತನೆಂದು ಊರೆಲ್ಲ ಹೇಳಿದರೆ ಸಾಲದು, ದಾಖಲೆ ಬೇಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಕೇಂದ್ರ ನೋಂದಣಿ ವ್ಯವಸ್ಥೆಯಲ್ಲಿ ನಿಮ್ಮ ಕ್ಲಬ್ಬೂ, ಆ ಹುಡುಗನೂ ಪ್ರತಿ ಸೀಸನ್ ನೋಂದಣಿಯಾಗಿರಬೇಕು. ಫಿಫಾ ಹಣ ಹಂಚುವುದು ಈ ನೋಂದಣಿಗಳಿಂದ ತಯಾರಾಗುವ 'ಆಟಗಾರನ ಪಾಸ್‌ಪೋರ್ಟ್' ನೋಡಿ, ಅಂದರೆ ಯಾವ ವರ್ಷ ಯಾವ ಕ್ಲಬ್ಬಿನಲ್ಲಿದ್ದನೆಂಬ ಪಟ್ಟಿ ನೋಡಿ. ಒಂದು ವರ್ಷ ಬಿಟ್ಟರೆ ಆ ವರ್ಷದ ಪಾಲು ಹೋದಂತೆ. ಹೆಸರಿನ ಕಾಗುಣಿತ ಮತ್ತು ಜನ್ಮ ದಿನಾಂಕ ಜನನ ಪ್ರಮಾಣಪತ್ರದಲ್ಲಿ, ಆಧಾರ್‌ನಲ್ಲಿ, ಶಾಲೆಯ ದಾಖಲೆಯಲ್ಲಿ ಒಂದೇ ಇರಲಿ. ಬೇರೆ ಬೇರೆ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಹುಡುಗ ಬೆಂಗಳೂರಿಗೆ ಹೊರಟಾಗ ಕ್ಲಬ್ ಬದಲಾವಣೆಯನ್ನೂ ಅದೇ ವ್ಯವಸ್ಥೆಯಲ್ಲಿ ಮಾಡಿ, ಬಾಯಿಮಾತಿನಲ್ಲಿ ಬಿಡಬೇಡಿ.

ಮೂಡಿಗೆರೆಯಿಂದ: ಮಳೆ ಜೋರಾದರೆ ಡಿಶ್ ಸಿಗ್ನಲ್ ಹೋಗುತ್ತದೆ, ಸರಿಯಾಗಿ ಗೋಲಿನ ಹೊತ್ತಿಗೇ. ಉಪಾಯವಿದೆಯೇ? ಪಂದ್ಯದ ಸಮಯವೂ ತಿಳಿಸಿ.

ಉತ್ತರ: ದಟ್ಟ ಮಳೆಮೋಡ ಸಿಗ್ನಲನ್ನು ಹೀರುವುದನ್ನು ತಡೆಯಲಾಗದು. ಆದರೆ ಬಿಸಿಲಿದ್ದಾಗಲೇ ಸಿಗ್ನಲ್ ಅರೆಬರೆ ಇದ್ದರೆ ತುಂತುರಿಗೂ ಹೋಗುತ್ತದೆ. ಮೋಡವಿಲ್ಲದ ದಿನ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಸಿಗ್ನಲ್ ಗುಣಮಟ್ಟದ ಪಟ್ಟಿ ನೋಡುತ್ತ ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸಿ, ಪಟ್ಟಿ ಅತಿ ಹೆಚ್ಚು ತೋರಿಸಿದಲ್ಲಿ ನಟ್ಟು ಬಿಗಿ ಮಾಡಿ. ನಮ್ಮ ಕಡೆ ಡಿಶ್ ಆಗ್ನೇಯಕ್ಕೆ, ತೀರಾ ಎತ್ತರಕ್ಕೆ ನೋಡುತ್ತದೆ. ಆ ದಿಕ್ಕಿಗೆ ಸಿಲ್ವರ್ ಓಕ್ ಕೊಂಬೆ ಬೆಳೆದಿದ್ದರೆ ಕಡಿಸಿ, ಒದ್ದೆ ಎಲೆಯೂ ಸಿಗ್ನಲ್ ತಡೆಯುತ್ತದೆ. ಕೇಬಲ್ ಜೋಡಣೆಯಲ್ಲಿ ನೀರಿಳಿದು ಹಸಿರು ಕಿಲುಬು ಕಟ್ಟಿದ್ದರೆ ಆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪ್ ಸುತ್ತಿ. ಕೇಬಲ್ ಮನೆಯೊಳಗೆ ಬರುವ ಮುನ್ನ ಒಂದು ಸುತ್ತು ಕೆಳಗೆ ಜೋತುಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಪ್ರೀಮಿಯರ್ ಲೀಗ್ ಪಂದ್ಯಗಳ ಸಮಯ, ನಮ್ಮ ಗಡಿಯಾರದಲ್ಲಿ: ಶನಿವಾರ ಸಂಜೆ 5, ರಾತ್ರಿ 7.30 ಮತ್ತು 10; ಭಾನುವಾರ ಸಂಜೆ 6.30 ಮತ್ತು ರಾತ್ರಿ 9. ಅಕ್ಟೋಬರ್‌ನ ಕೊನೆಯ ಭಾನುವಾರ ಇಂಗ್ಲೆಂಡಿನಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಅಂದಿನಿಂದ ಎಲ್ಲಕ್ಕೂ ಒಂದು ಗಂಟೆ ಸೇರಿಸಿಕೊಳ್ಳಿ.